ದಿನಕ್ಕೆ ಹತ್ತು ಸಲ ಅದೇ ಕಲ್ಲಿನ ಮುಂದೆ ನಿಂತರೆ ಕವಿತೆ ಉಳಿಯುತ್ತಾ?

ಪ್ರಶ್ನೆ: ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೇನೆ. ಕೋಲಾರದ ಹತ್ತಿರ ಒಂದು ಸಣ್ಣ ಮ್ಯೂಸಿಯಂನಲ್ಲಿ ಗೈಡ್ ಕೆಲಸ ಸಿಕ್ಕಿದೆ. ಕವಿತೆ ಬರೆಯುತ್ತೇನೆ, ಗಿಡ ಬೆಳೆಸುವ ಹುಚ್ಚೂ ಇದೆ. ದಿನಾ ಅದೇ ಮಾತು ಹೇಳಿ ಹೇಳಿ ಬರೆಯುವ ಮನಸ್ಸೇ ಸತ್ತುಹೋಗುತ್ತೆ ಅಂತ ಗೆಳತಿಯರು ಹೆದರಿಸುತ್ತಿದ್ದಾರೆ. ಗೈಡ್ ಒಬ್ಬರ ದಿನ ಹೇಗಿರುತ್ತದೆ? ಇನ್ನೊಂದು ವಿಷಯ, ನಾನಿರುವುದು ಬಾಡಿಗೆ ಮನೆ, ವಾರಕ್ಕೆ ಎರಡು ಸಲ ಟ್ಯಾಂಕರ್ ನೀರು. ತಾರಸಿ ಮೇಲೆ ಏನು ಬೆಳೆಸಬಹುದು?

ಉತ್ತರ: ಮೊದಲು ಸಂತೋಷ ಹೇಳಿಬಿಡುತ್ತೇನೆ. ಕೋಲಾರದ ಕಡೆ ಕಲ್ಲಿನ ಮುಂದೆ ನಿಂತು ಮಾತಾಡುವ ಕೆಲಸಕ್ಕೆ ಕವಿತೆ ಬರೆಯುವವರೊಬ್ಬರು ಬರುತ್ತಿದ್ದಾರೆ ಅಂದರೆ ನನಗೆ ನಿಜವಾಗಿಯೂ ಖುಷಿ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ್ದೇನೆ. ಬರೆಯುವುದನ್ನೂ ಬಿಡಲಿಲ್ಲ, ಮಲ್ಲಿಗೆ ಬಳ್ಳಿಯನ್ನೂ ಬಿಡಲಿಲ್ಲ. ಆದರೆ ಎರಡೂ ಕೈ ಬಿಟ್ಟುಹೋಗುವ ಹಾಗಿದ್ದ ಕಾಲ ಇತ್ತು. ಅದನ್ನೂ ಹೇಳುತ್ತೇನೆ.

ದಿನ ಶುರುವಾಗುವುದು ಮಾತಿನಿಂದ ಅಲ್ಲ. ಬಾಗಿಲು ತೆರೆದ ಮೇಲೆ ಮೊದಲ ಅರ್ಧ ಗಂಟೆ ಸುಮ್ನೆ ಸುತ್ತಾಡಿ ನೋಡುವ ಕೆಲಸ. ರಾತ್ರಿಯಲ್ಲಿ ಏನಾಗಿದೆ? ಶಿಲ್ಪದ ತೋಳಿನ ಸಂದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಹಲ್ಲಿ ಮೊಟ್ಟೆ ಇಟ್ಟಿರುತ್ತದೆ. ಗೋಡೆಯ ಬುಡದಲ್ಲಿ ಗೆದ್ದಲಿನ ಸಣ್ಣ ಮಣ್ಣಿನ ಗೆರೆ ಕಾಣಬಹುದು. ಕಂಚಿನ ವಿಗ್ರಹದ ಮೇಲೆ ತಿಳಿ ಹಸಿರು ಪುಡಿ ಕಂಡರೆ ತಕ್ಷಣ ಮೇಲಿನವರಿಗೆ ಹೇಳಬೇಕು. ಅದು ಹಳೆಯ ಕಂಚಿಗೆ ಬರುವ ರೋಗ. ಉಪ್ಪಿನ ಅಂಶವೂ ತೇವವೂ ಸೇರಿದರೆ ಲೋಹವನ್ನು ಒಳಗಿಂದ ತಿನ್ನುತ್ತಾ ಹೋಗುತ್ತದೆ. ಬೆವರಿದ ಬೆರಳಲ್ಲೂ ಆ ಉಪ್ಪು ಇರುತ್ತದೆ. ‘ಮುಟ್ಟಬೇಡಿ’ ಅನ್ನುವ ಬೋರ್ಡಿಗಿಂತ ಈ ಒಂದು ಮಾತು ಮಕ್ಕಳಿಗೆ ಬೇಗ ನಾಟುತ್ತದೆ. ಏನೇ ಕಂಡರೂ ನೀವೇ ಕೆರೆಯಲು, ಒರೆಸಲು ಹೋಗಬೇಡಿ. ನಿಮ್ಮ ಕೆಲಸ ನೋಡಿ ಬರೆದಿಟ್ಟು ತಿಳಿಸುವುದು, ಅಷ್ಟೇ.

ಗಿಡ ಬೆಳೆಸುವವರಿಗೆ ಇಲ್ಲಿ ಒಂದು ಕಷ್ಟ ಬರುತ್ತದೆ. ಮನೆಯಲ್ಲಿ ಬೆಳೆದ ಮಲ್ಲಿಗೆಯನ್ನು ತಂದು ಮೇಜಿನ ಮೇಲೆ ಇಡೋಣ ಅನ್ನಿಸುತ್ತದೆ, ಅಲ್ವಾ? ಇಡಬೇಡಿ. ಹೂವಿನ ಜೊತೆ ಹುಳ ಬರುತ್ತದೆ. ಬಟ್ಟಲಿನ ನೀರು ಚೆಲ್ಲಬಹುದು. ಬಟ್ಟೆ, ಕಾಗದ, ತಾಳೆಗರಿ ಇರುವ ಕೋಣೆಗಂತೂ ಹೂವು ಹೋಗಲೇಬಾರದು. ಮೊದಲ ವರ್ಷ ಈ ಮಾತು ಕೇಳಿ ನನಗೆ ಬೇಸರವಾಗಿತ್ತು. ಆಮೇಲೆ ನಮ್ಮ ಹಿರಿಯರೊಬ್ಬರು ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರುವುದನ್ನು ತೋರಿಸಿದರು. ಹುಳ ಹತ್ತಿರ ಬರುವುದಿಲ್ಲ, ಒಣಗಿ ಬಿರುಸಾದ ಗರಿಯೂ ಸ್ವಲ್ಪ ಮೆತ್ತಗಾಗುತ್ತದೆ. ಬಜೆಯ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಗರಿಗಳ ಪಕ್ಕ ಇಡುವುದೂ ಹಳೆಯ ಪದ್ಧತಿಯೇ. ತೋಟದ ಗಿಡ ಮ್ಯೂಸಿಯಂ ಒಳಗೆ ಬರುವ ದಾರಿ ಇದು. ಅಂದು ಸಂಜೆಯೇ ಒಂದು ಬುಡ ನಿಂಬೆಹುಲ್ಲು ತಂದು ನೆಟ್ಟೆ. ಅದರ ಸಂತತಿ ಈಗಲೂ ಇದೆ.

ಇನ್ನು ಮಾತಿನ ವಿಷಯ. ನಿಮ್ಮ ಗೆಳತಿಯರು ಹೇಳುವುದು ಪೂರ್ತಿ ಸುಳ್ಳಲ್ಲ. ಉರು ಹೊಡೆದ ಮಾತನ್ನು ದಿನಾ ಒಪ್ಪಿಸಿದರೆ ಮನಸ್ಸು ಜಡವಾಗಿಯೇ ಆಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತವೆ. ಐವತ್ತು ಮಕ್ಕಳು, ಇಪ್ಪತ್ತು ನಿಮಿಷ, ಆಮೇಲೆ ಇನ್ನೊಂದು ಬಸ್ಸು. ಆ ದಿನಗಳಲ್ಲಿ ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿದೆ. ಅದಕ್ಕೆ ನಾನು ಕಂಡುಕೊಂಡದ್ದು ಇಷ್ಟು. ಸಂಗತಿಗಳನ್ನು ಬಾಯಿಪಾಠ ಮಾಡಿ, ವಾಕ್ಯಗಳನ್ನು ಮಾಡಬೇಡಿ. ಹೆಸರು, ಕಾಲ, ಶಾಸನದ ಪಾಠ ಇವು ತಪ್ಪಬಾರದು. ಹೇಳುವ ರೀತಿ ಮಾತ್ರ ಎದುರಿಗೆ ನಿಂತವರನ್ನು ನೋಡಿ ಬರಲಿ.

ನಮ್ಮ ಜಿಲ್ಲೆಯಲ್ಲಿ ಇದು ತಾನಾಗಿಯೇ ಆಗುತ್ತದೆ. ಬೆಳಗ್ಗೆ ಬಂದವರು ಕನ್ನಡದವರು. ಹನ್ನೊಂದಕ್ಕೆ ಶ್ರೀನಿವಾಸಪುರದ ಕಡೆಯ ತೆಲುಗು ಮಾತಿನ ಕುಟುಂಬ. ಮಧ್ಯಾಹ್ನ ಕೆ.ಜಿ.ಎಫ್‌ನಿಂದ ತಮಿಳಿನವರು. ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ವೀರಗಲ್ಲು ತೆಲುಗಿನಲ್ಲೂ ವೀರಗಲ್ಲೇ, ತಮಿಳಿನಲ್ಲಿ ನಡುಕಲ್ ಆಗುತ್ತದೆ. ‘ನಟ್ಟ ಕಲ್ಲು’ ಅಂತ ಅರ್ಥ. ವೀರನ ಹೆಸರೇ ಇಲ್ಲ ಆ ಮಾತಿನಲ್ಲಿ, ಯಾರೋ ಒಬ್ಬರು ನಟ್ಟರು ಅನ್ನುವುದು ಮಾತ್ರ ಇದೆ. ಮೊದಲ ಸಲ ತಮಿಳಿನಲ್ಲಿ ವಿವರಿಸಿದ ದಿನ ನನ್ನ ಕಣ್ಣು ವೀರನಿಂದ ಆ ನಟ್ಟವರ ಕಡೆ ಹೊರಳಿತು. ಎಲ್ಲಿಂದ ಕಲ್ಲು ತಂದರು, ಎಷ್ಟು ಜನ ಹೊತ್ತರು, ಕೆತ್ತುವವನಿಗೆ ಏನು ಕೊಟ್ಟರು? ತೆಲುಗು, ತಮಿಳು ನಿಮಗೆ ಬರದಿದ್ದರೆ ಕೆಲಸ ನಡೆಯುವಷ್ಟಾದರೂ ಕಲಿಯಿರಿ. ದಖನಿ ಉರ್ದು ಎರಡು ಮಾತು ಬಂದರೂ ಚೆಂದ.

ಕಲ್ಲನ್ನು ನೋಡುವುದು ಹೇಗೆ ಅಂತ ಒಂದು ಕಸುಬಿನ ಗುಟ್ಟು ಹೇಳುತ್ತೇನೆ. ಸಣ್ಣ ಟಾರ್ಚ್ ಒಂದು ಯಾವಾಗಲೂ ಜೇಬಿನಲ್ಲಿರಲಿ. ಅದನ್ನು ನೇರವಾಗಿ ಬಿಡಬೇಡಿ. ಪಕ್ಕದಿಂದ, ಕಲ್ಲಿಗೆ ಒರಗಿಸಿದ ಹಾಗೆ ಬೆಳಕು ಹಾಯಿಸಿ. ಸವೆದ ಅಕ್ಷರದ ಗುಂಡಿಯಲ್ಲಿ ನೆರಳು ನಿಲ್ಲುತ್ತದೆ, ಇಲ್ಲವೇ ಇಲ್ಲ ಅಂದುಕೊಂಡ ಸಾಲು ಮೇಲೆದ್ದು ಬರುತ್ತದೆ. ಹೊರಗೆ ಅಂಗಳದಲ್ಲಿ ನಿಲ್ಲಿಸಿದ ಕಲ್ಲಾದರೆ ಬೆಳಗ್ಗೆ, ಸಂಜೆಯ ಓರೆ ಬಿಸಿಲು ಇದೇ ಕೆಲಸ ಮಾಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಮುಚ್ಚಿಹೋಗುತ್ತದೆ. ಅಕ್ಷರ ಕಾಣಲಿ ಅಂತ ಕೆಲವರು ಸೀಮೆಸುಣ್ಣ ಬಳಿಯುತ್ತಾರೆ. ಅದು ಕಲ್ಲಿಗೆ ಒಳ್ಳೆಯದಲ್ಲ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಬಂದವರಿಗೆ ಇದನ್ನು ಮೊದಲೇ ಹೇಳಿಬಿಡಬೇಡಿ. ‘ಏನು ಕಾಣ್ತಿದೆ?’ ಅಂತ ಕೇಳಿ, ಕಾಯಿರಿ. ಒಮ್ಮೆ ಹಸು ಕಟ್ಟುವ ರೈತರೊಬ್ಬರು ಕೆಳಗಿನ ಸಾಲಿನಲ್ಲಿದ್ದ ದನಗಳನ್ನೇ ನೋಡುತ್ತಾ ನಿಂತರು. ‘ಕೊಂಬು ನೋಡಿ ಸಾರ್, ಹಿಂದಕ್ಕೆ ಬಾಗಿವೆ, ನಮ್ಮ ಹಳ್ಳಿಕಾರ್ ಥರ’ ಅಂದರು. ಅದು ಯಾವ ತಳಿಯೋ ನಾನು ಹೇಳಲಾರೆ. ಆದರೆ ಆ ಕಲ್ಲಿನ ಮುಂದೆ ನೂರಾರು ಸಲ ಮಾತಾಡಿದ್ದ ನಾನು ಅಲ್ಲಿಯವರೆಗೆ ಕೊಂಬು ನೋಡಿರಲಿಲ್ಲ. ಕತ್ತಿ ನೋಡಿದ್ದೆ, ಬಿಲ್ಲು ನೋಡಿದ್ದೆ. ಅಂದಿನಿಂದ ಒಂದೇ ಕಲ್ಲು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಈ ಉತ್ತರ ಬರೆಯಲು ಕೂತದ್ದೇ ಅದಕ್ಕೆ.

ಕೆಲಸಕ್ಕೆ ಸೇರಿ ಮೂರನೇ ವರ್ಷ. ದನ ಹಿಡಿಯಲು ಬಂದವರ ಜೊತೆ ಹೋರಾಡಿ ಸತ್ತವನೊಬ್ಬನ ಕಲ್ಲು ನಮ್ಮಲ್ಲಿತ್ತು. ನಾನು ಕವಿತೆಯ ಅಮಲಿನಲ್ಲಿದ್ದ ಕಾಲ. ಒಂದು ದಿನ ಹೇಳುತ್ತಾ ಹೇಳುತ್ತಾ ನನ್ನದೇ ಒಂದು ಮಾತು ಸೇರಿಸಿದೆ. ‘ಬೆಳಗಾಗುವ ಮುಂಚೆ ಎದ್ದ, ಮಲಗಿದ್ದ ಮಗುವಿನ ತಲೆ ನೇವರಿಸಿದ, ಹೊರಟ’ ಅಂತ. ಕೇಳಿದವರ ಕಣ್ಣು ಒದ್ದೆಯಾಯಿತು. ಮಾರನೇ ದಿನವೂ ಹೇಳಿದೆ. ತಿಂಗಳು ಕಳೆಯುವಷ್ಟರಲ್ಲಿ ಆ ಮಗು ನನ್ನ ಮಾತಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಅದು ಕಲ್ಲಿನಲ್ಲಿಲ್ಲ ಅನ್ನುವುದೇ ನನಗೆ ಮರೆತಂತಾಗಿತ್ತು.

ಆ ಕಲ್ಲು ಸಿಕ್ಕ ಊರಿನ ವಯಸ್ಸಾದವರೊಬ್ಬರು ಬಂದರು. ಅವರ ಊರಿನಿಂದ ಶಾಲೆಯ ಮಕ್ಕಳು ಬಂದು ಹೋಗಿದ್ದರಂತೆ, ಮೊಮ್ಮಗಳು ಮನೆಯಲ್ಲಿ ಮಗುವಿನ ಕತೆ ಹೇಳಿದ್ದಳಂತೆ. ಅವರು ಕಲ್ಲಿನ ಮುಂದೆ ಕೂತರು. ಚಪ್ಪಲಿ ಬಿಟ್ಟಿದ್ದರು. ಬೆರಳನ್ನು ಅಕ್ಷರದ ಹತ್ತಿರ ತಂದು, ಮುಟ್ಟದೆ, ಸಾಲಿನ ಉದ್ದಕ್ಕೂ ಸರಿಸುತ್ತಾ ಕೇಳಿದರು: ‘ಮಗು ಅಂತ ಎಲ್ಲಿ ಬರ್ದವ್ರೆ, ತೋರಿಸಿ ಸ್ವಾಮಿ.’

ಅಂಥಾ ಅಕ್ಷರ ಇಲ್ಲ ಅಂತ ಹೇಳಬೇಕಾಯಿತು. ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ‘ಹಂಗಾದ್ರೆ ಏನ್ ಬರ್ದವ್ರೆ?’ ಅಂದರು. ನಾನು ಒಂದೊಂದೇ ಪದ ಓದಿ ಅರ್ಥ ಹೇಳಿದೆ. ಅವನ ಹೆಸರು. ಅಪ್ಪನ ಹೆಸರು. ತುರುವಂ ಮಗುಳ್ಚಿ ಸತ್ತಂ, ಅಂದರೆ ದನಗಳನ್ನು ತಿರುಗಿಸಿ ತಂದು ಸತ್ತ. ಅವನ ಮನೆಯವರಿಗೆ ಕಲ್ನಾಡು, ಅಂದರೆ ಸತ್ತವನ ಹೆಸರಲ್ಲಿ ಕಲ್ಲು ನಿಲ್ಲಿಸಿ ಕೊಟ್ಟ ಭೂಮಿ. ಕೊನೆಗೆ, ಇದನ್ನು ಹಾಳುಮಾಡಿದವನಿಗೆ ಕವಿಲೆಯನ್ನೂ ವಾರಣಾಸಿಯನ್ನೂ ಹಾಳುಮಾಡಿದ ಪಾಪ ಅನ್ನುವ ಶಾಪ. ಕವಿಲೆ ಅಂದರೆ ಹಸು. ‘ದನ ಬಂದ್ವಾ ಕೊನೀಗೆ?’ ಅಂತ ಅವರು ಮತ್ತೆ ಕೇಳಿದರು. ಬಂದವು ಅಂದೆ. ತಲೆ ಆಡಿಸಿದರು.

ಆ ಮೇಲೆ ಎಷ್ಟೋ ತಿಂಗಳು ನನಗೆ ಬರೆಯಲಾಗಲಿಲ್ಲ. ಬರೆಯುವುದೇ ಒಂದು ಮೋಸ ಅನ್ನಿಸಿಬಿಟ್ಟಿತ್ತು. ತೋಟಕ್ಕೂ ಇಳಿಯಲಿಲ್ಲ. ಎರಡೂ ಕೈ ಬಿಟ್ಟುಹೋಗುತ್ತಿದ್ದವು ಅಂದದ್ದು ಈ ಕಾಲದ ಬಗ್ಗೆ. ನಿಧಾನಕ್ಕೆ ತಿಳಿದದ್ದು ಏನೆಂದರೆ, ತಪ್ಪಾದದ್ದು ಮಗುವನ್ನು ಊಹಿಸಿದ್ದರಲ್ಲಿ ಅಲ್ಲ. ಅದನ್ನು ಕಲ್ಲಿನ ಬಾಯಲ್ಲಿ ಹೇಳಿಸಿದ್ದರಲ್ಲಿ. ಗೈಡ್ ಆಗಿ ನಿಂತಾಗ ಜನ ನಿಮ್ಮನ್ನು ನಂಬುತ್ತಾರೆ. ನೀವು ಹೇಳಿದ್ದೇ ಅಲ್ಲಿ ಬರೆದಿದೆ ಅಂದುಕೊಳ್ಳುತ್ತಾರೆ. ಆ ನಂಬಿಕೆಯ ಮೇಲೆ ನಿಂತು ನಮ್ಮ ಕವಿತೆಯನ್ನು ದಾಟಿಸಬಾರದು. ಕಲ್ಲು ಎಷ್ಟು ಹೇಳುತ್ತದೋ ಅಷ್ಟು ಹೇಳಿ. ಅದು ಸುಮ್ಮನಾದ ಕಡೆ ನೀವೂ ಸುಮ್ಮನಾಗಿ, ‘ಇದರ ಮುಂದೆ ಬರೆದಿಲ್ಲ’ ಅನ್ನಿ. ಆ ಬಿಟ್ಟ ಜಾಗವನ್ನು ಮನೆಗೆ ತನ್ನಿ. ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರು ಹಾಕಿ ಬರೆಯಿರಿ. ಒಂದೂವರೆ ವರ್ಷದ ನಂತರ ನಾನು ಬರೆದದ್ದು ಇದು:

ಅವನ ಹೆಸರಿದೆ, ಅಪ್ಪನ ಹೆಸರಿದೆ,
ಸತ್ತ ಮಾತಿದೆ, ಕೊಟ್ಟ ಹೊಲವಿದೆ.
ದನ ಎಷ್ಟು ಅಂತ ಬರೆದಿಲ್ಲ.
ದನ ಮನೆಗೆ ಬಂದವು.

ಅದರಲ್ಲಿ ಮಗು ಇಲ್ಲ. ಕೊನೆಯ ಸಾಲು ಆ ಅಜ್ಜನದ್ದು, ನನ್ನದಲ್ಲ.

ಇದೇ ಎಚ್ಚರ ಮಾಸ್ತಿಕಲ್ಲಿನ ಮುಂದೆಯೂ ಬೇಕು. ನಮ್ಮ ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ಅನ್ನುವ ಊರೇ ಇದೆ. ಮಹಾಸತಿ ಅನ್ನುವ ಮಾತೇ ಬಾಯಲ್ಲಿ ಮಾಸ್ತಿ ಆದದ್ದು. ಮೊಣಕೈ ಮಡಿಸಿ ಎತ್ತಿದ ತೋಳು, ತುಂಬಾ ಬಳೆ, ಬೆರಳ ನಡುವೆ ನಿಂಬೆಹಣ್ಣು. ‘ತಾಯಿ ಆಶೀರ್ವಾದ ಮಾಡ್ತಿದ್ದಾಳೆ’ ಅಂತ ಹೇಳಿ ಮುಂದೆ ಹೋಗುವುದು ಸುಲಭ. ಹಾಗೆ ಮಾಡಬೇಡಿ. ಗಂಡ ಸತ್ತ ಮೇಲೆ ಬೆಂಕಿಗೆ ಹೋದ ಹೆಣ್ಣಿನ ಕಲ್ಲು ಇದು ಅಂತ ಬಿಡಿಸಿ ಹೇಳಿ. ಬಳೆ ಒಡೆಯದೆ ಉಳಿದಿರುವುದಕ್ಕೆ ಕಾರಣ ಅದೇ. ಹಾಡಿ ಹೊಗಳುವ ದನಿಯೂ ಬೇಡ, ಮುಚ್ಚಿಡುವುದೂ ಬೇಡ. ಎಷ್ಟೋ ಕಲ್ಲುಗಳಲ್ಲಿ ಅವಳ ಹೆಸರು ಇರುವುದಿಲ್ಲ. ಹೆಸರಿಲ್ಲ ಅನ್ನುವುದನ್ನೂ ಹೇಳಿ. ಅಷ್ಟು ಹೇಳಿದ ಮೇಲೆ ಹೆಂಗಸರ ಗುಂಪು ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತದೆ ಅನ್ನುವುದನ್ನು ನೀವೇ ನೋಡುತ್ತೀರಿ.

ಓದುವುದಕ್ಕೆ ಜಾಸ್ತಿ ಪಟ್ಟಿ ಕೊಡುವುದಿಲ್ಲ. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಮಾತ್ರ ಕೈಗೆ ಸಿಗುವ ಹಾಗೆ ಮಾಡಿಕೊಳ್ಳಿ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನಗಳು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಆ ಕಡೆಯ ಕಲ್ಲುಗಳೂ ಅದರಲ್ಲೇ ಇವೆ. ಗಂಗರು ತಲಕಾಡಿಗೆ ಹೋದ ಮೇಲೂ ತಮ್ಮನ್ನು ‘ಕುವಳಾಲಪುರವರೇಶ್ವರ, ನಂದಗಿರಿನಾಥ’ ಅಂತಲೇ ಕರೆದುಕೊಂಡರು. ಕುವಳಾಲ ಅಂದರೆ ನಮ್ಮ ಕೋಲಾರ, ನಂದಗಿರಿ ಅಂದರೆ ನಂದಿಬೆಟ್ಟ. ರಾಜಧಾನಿ ಬದಲಾದರೂ ಹುಟ್ಟಿದ ಊರಿನ ಹೆಸರನ್ನು ಬಿಡದ ರಾಜರು ಅಂತ ಹೇಳಿದರೆ ನಮ್ಮೂರ ಮಕ್ಕಳ ಮುಖ ಅರಳುತ್ತದೆ, ನೋಡಿ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿರುವ ಆತಕೂರಿನ ಕಲ್ಲನ್ನು ತಪ್ಪಿಸಬೇಡಿ. ಹತ್ತನೇ ಶತಮಾನದ್ದು. ಕಾಳಿ ಅನ್ನುವ ನಾಯಿ ಒಂದು ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಗಂಗರ ಅರಸ ಬೂತುಗನ ಕೈಕೆಳಗಿದ್ದ ಮಣಲೇರ ಯುದ್ಧದ ಶೌರ್ಯಕ್ಕೆ ಬಹುಮಾನವಾಗಿ ಆ ನಾಯಿಯನ್ನೇ ಕೇಳಿ ಪಡೆದಿದ್ದ. ಅದರ ನೆನಪಿಗೆ ಅವನು ಕಲ್ಲು ನಿಲ್ಲಿಸಿದ. ಶಾಸನ ಅದನ್ನು ಎಷ್ಟು ಕಡಿಮೆ ಮಾತಿನಲ್ಲಿ ಹೇಳಿ ಮುಗಿಸುತ್ತದೆ ಅಂದರೆ, ಬರೆಯುವವರು ಅದರ ಮುಂದೆ ಒಂದು ಗಂಟೆ ನಿಂತರೂ ನಷ್ಟವಿಲ್ಲ.

ಬರೆಯುವ ಹೊತ್ತು ಯಾವುದು? ಕೆಲಸ ಮುಗಿದ ತಕ್ಷಣ ಅಂತೂ ಅಲ್ಲ. ಆರು ಗಂಟೆ ಮಾತಾಡಿದ ಬಾಯಿ, ತಲೆ ಎರಡರಲ್ಲೂ ಪದಗಳು ಸವೆದಿರುತ್ತವೆ. ಆಗ ಕೂತರೆ ದಿನವಿಡೀ ಹೇಳಿದ ವಾಕ್ಯಗಳೇ ಬರುತ್ತವೆ. ನನಗೆ ತೋಟ ಬೇಕಾದದ್ದು ಅಲ್ಲಿ. ಮನೆಗೆ ಬಂದು, ಬಿಸಿನೀರು ಕುಡಿದು, ಯಾರ ಜೊತೆಗೂ ಮಾತಾಡದೆ ಒಂದು ಗಂಟೆ ಕುಂಡಗಳ ನಡುವೆ ಇರುತ್ತೇನೆ. ಕಳೆ ಕೀಳುವುದು, ಮಣ್ಣು ಸಡಿಲ ಮಾಡುವುದು. ಮನೆಯವರಿಗೆ ಮೊದಲು ಇದು ಸಿಟ್ಟು ಅನ್ನಿಸಿತ್ತು, ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಬರೆಯುವುದು ಮಾರನೇ ದಿನ ಬೆಳಗ್ಗೆ, ಇನ್ನೂ ಯಾರ ಜೊತೆಗೂ ಮಾತಾಡದಿದ್ದಾಗ. ಸೋಮವಾರ ರಜೆ ಇದ್ದರೆ ಅದನ್ನು ಸಂತೆ, ಬ್ಯಾಂಕು ಅಂತ ಪೂರ್ತಿ ಕಳೆಯಬೇಡಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ನಮ್ಮ ಮಾಲೂರು ತಾಲ್ಲೂಕಿನವರೇ. ಸರ್ಕಾರಿ ಕೆಲಸದ ಜವಾಬ್ದಾರಿ ಹೊತ್ತುಕೊಂಡೇ ವರ್ಷಗಟ್ಟಲೆ ಬರೆದರು. ಕೆಲಸ ಇದ್ದರೆ ಬರೆಯಲಾಗದು ಅನ್ನುವವರಿಗೆ ನಾನು ಅವರ ಹೆಸರು ಹೇಳುತ್ತೇನೆ.

ಇನ್ನು ನಿಮ್ಮ ತಾರಸಿ. ಟ್ಯಾಂಕರಿನಲ್ಲಿ ಬರುವುದು ಬಹುಮಟ್ಟಿಗೆ ಆಳದ ಕೊಳವೆಬಾವಿಯ ನೀರು, ಉಪ್ಪು ಜಾಸ್ತಿ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಸುಟ್ಟ ಹಾಗೆ ಕಂದಾಗುತ್ತದೆ. ಇದನ್ನು ರೋಗ ಅಂದುಕೊಂಡು ಔಷಧಿ ಹೊಡೆಯಬೇಡಿ. ಮಳೆ ಬಂದಾಗ ಕುಂಡಗಳನ್ನು ಬಯಲಿಗೆ ಎಳೆದು, ತಳದ ತೂತಿನಿಂದ ಚೆನ್ನಾಗಿ ನೀರು ಹರಿದುಹೋಗಲು ಬಿಡಿ. ಉಪ್ಪು ತೊಳೆದುಹೋಗುತ್ತದೆ. ಒಂದು ಡ್ರಮ್ಮಿನಲ್ಲಿ ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ ಇರಲಿ, ನೀರು ಹಾಕುವುದು ಸಂಜೆಗೆ ಇರಲಿ.

ಮೊದಲ ವರ್ಷಕ್ಕೆ ದೊಡ್ಡಪತ್ರೆ, ನಿಂಬೆಹುಲ್ಲು, ಕನಕಾಂಬರ ಸಾಕು. ದೊಡ್ಡಪತ್ರೆಯ ದಪ್ಪ ಎಲೆಯಲ್ಲೇ ನೀರಿರುತ್ತದೆ, ನೀವು ಎರಡು ದಿನ ಮರೆತರೂ ಸಾಯುವುದಿಲ್ಲ. ಗಂಟಲು ಕಟ್ಟಿದ ದಿನ ಅದರ ಎಲೆಯ ಕಷಾಯ ಕುಡಿಯಿರಿ, ನಮ್ಮಂಥ ಮಾತಿನ ಕೆಲಸದವರಿಗೆ ಅದು ಬೇಕೇ ಬೇಕು. ಕನಕಾಂಬರದ ಒಣ ಕಾಯಿಗೆ ನೀರು ತಾಗಿದರೆ ಟಪ್ ಅಂತ ಒಡೆದು ಬೀಜ ಸಿಡಿಯುತ್ತದೆ. ಮೊದಲ ಮಳೆಯ ಸಂಜೆ ಆ ಸದ್ದು ಕೇಳುತ್ತಾ ಕೂರುವುದು ನನಗೆ ಇಂದಿಗೂ ಇಷ್ಟ.

ಮಲ್ಲಿಗೆ ಇಡಲೇಬೇಕು ಅನ್ನಿಸಿದರೆ ಒಂದೇ ಒಂದು ಬುಡ, ದೊಡ್ಡ ಕುಂಡದಲ್ಲಿ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ಮೊಣಕಾಲಿನ ಎತ್ತರಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನೂ ತೆಗೆದುಬಿಡಿ. ಬರೀ ಕಡ್ಡಿ ಉಳಿಯುತ್ತದೆ. ನೋಡಲು ಹೊಟ್ಟೆ ಉರಿಯುತ್ತದೆ, ನನಗೆ ಈಗಲೂ ಕತ್ತರಿ ಹಿಡಿದ ಕೈ ಒಂದು ನಿಮಿಷ ನಿಲ್ಲುತ್ತದೆ. ಆದರೆ ಮಾರ್ಚ್ ಹೊತ್ತಿಗೆ ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬರುವುದು, ಹಳೆಯ ಕೊಂಬೆಯಲ್ಲಿ ಅಲ್ಲ.

ಅವರೆಯನ್ನು ಮರೆತೆ! ಕೋಲಾರದಲ್ಲಿದ್ದು ಅವರೆ ಬೆಳೆಸದಿದ್ದರೆ ಹೇಗೆ? ದೊಡ್ಡ ಗೋಣಿಚೀಲದಲ್ಲಿ ಜುಲೈನಲ್ಲಿ ನಾಲ್ಕು ಬೀಜ ಹಾಕಿ, ಗೋಡೆಗೆ ದಾರ ಕಟ್ಟಿ. ಹಳೆಯ ನಾಟಿ ತಳಿ ಹಗಲು ಸಣ್ಣದಾಗುವವರೆಗೆ ಹೂ ಬಿಡುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಎಚ್.ಎ.-4ರಂಥ (ಹೆಬ್ಬಾಳ ಅವರೆ) ತಳಿಗಳು ವರ್ಷದ ಯಾವ ಕಾಲದಲ್ಲಾದರೂ ಬಿಡುತ್ತವೆ, ಆದರೆ ನೀವು ನಾಟಿಯನ್ನೇ ಹಾಕಿ ಅಂತ ನನ್ನ ಆಸೆ. ಡಿಸೆಂಬರಿನ ಚಳಿಗೆ ಕಾಯಿಯ ಮೇಲೆ ಎಣ್ಣೆ ಸವರಿದ ಹಾಗೆ ಸೊಗಡು ಕೂರುತ್ತದೆ. ಅದೇ ತಿಂಗಳು ಶಾಲಾ ಬಸ್ಸುಗಳು ಸಾಲು ಹಿಡಿದು ಬರುವುದು. ಬೆಳಗ್ಗೆ ಕಾಯಿ ಕಿತ್ತು ಕೆಲಸಕ್ಕೆ ಹೋದರೆ, ಮಧ್ಯಾಹ್ನ ಊಟಕ್ಕೆ ಕೂತಾಗಲೂ ಬೆರಳಲ್ಲಿ ಆ ವಾಸನೆ ಇರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವಾರ ಹದಿನೈದು ನಿಮಿಷ ಮುಂಚೆ ಹೋಗಿ. ಟಾರ್ಚ್ ತಗೊಂಡು ಹೋಗಿ. ಒಂದೇ ಕಲ್ಲು ಆರಿಸಿಕೊಂಡು, ಫಲಕ ಓದದೆ, ಏನು ಕಾಣುತ್ತದೋ ಅದನ್ನು ಮಾತ್ರ ಬರೆದುಕೊಳ್ಳಿ. ಎರಡು ತಿಂಗಳಾದ ಮೇಲೆ ಆ ಪುಟವನ್ನು ನನಗೆ ಕಳಿಸಿದರೆ ತುಂಬಾ ಸಂತೋಷ. ನಾಟಿ ಅವರೆ ಬೀಜ ಸಿಗದಿದ್ದರೆ ಅದನ್ನೂ ಬರೆಯಿರಿ, ನಮ್ಮಲ್ಲಿ ಕಳೆದ ವರ್ಷದ್ದು ಒಂದು ಡಬ್ಬಿ ಇದೆ.